ಜಲನಗರ ಯಾತ್ರಿಕ ಲಕ್ಷಣ: ಮದರಾಸಿಗೆ ನೀರು ನೋಡಹೋದವರ ಪಂಚವಿಧ ವಿಂಗಡಣೆ

ಪೀಠಿಕೆ

ಶಾಸ್ತ್ರ ಬರೆಯಲು ಕೂತವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ, ಚೆನ್ನೈಗೆ ನೀರು ನೋಡಲು ಹೋಗುವ ಮನುಷ್ಯ. ಪ್ರಯೋಜನ, ತಾನು ಯಾವ ದರ್ಜೆಯವನು ಎಂಬುದು ಅವನಿಗೆ ಮನೆ ಬಿಡುವ ಮುಂಚೆಯೇ ತಿಳಿಯುವುದು. ಇನ್ನು ಸಂಬಂಧ. 1956ರವರೆಗೆ ದಕ್ಷಿಣ ಕನ್ನಡ ಮದರಾಸು ರಾಜ್ಯದೊಳಗೇ ಇತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವ ತನಕ ಮೈಸೂರಿನ ಹುಡುಗರಿಗೂ ಪದವಿ ಹಂಚುತ್ತಿದ್ದುದು ಮದರಾಸೇ, ಮಾಸ್ತಿಯವರ ಎಂ.ಎ. ಬಂದದ್ದೂ 1914ರಲ್ಲಿ ಅಲ್ಲಿಂದಲೇ. ಕನ್ನಡ ಸಿನಿಮಾ ಬಹುಕಾಲ ಬೆಳೆದದ್ದು ಅಲ್ಲಿನ ಸ್ಟುಡಿಯೋಗಳಲ್ಲಿ. ಇಷ್ಟು ಸಂಬಂಧ ಸಾಲದೆನ್ನುವವರು ಮುಂದೆ ಕೃಷ್ಣಾ–ಕಾವೇರಿಯರ ಪ್ರಸ್ತಾಪ ಬರುವವರೆಗೆ ತಾಳ್ಮೆಯಿಂದಿರಬೇಕು. ಕೊನೆಯದಾಗಿ ಅಧಿಕಾರಿ: ಬೃಂದಾವನ್, ಲಾಲ್‌ಬಾಗ್, ವಂದೇ ಭಾರತ್, ಯಾವ ರೈಲಿನಲ್ಲಾದರೂ ಸರಿ, ಅರ್ಧ ಖಾಲಿಯಾದ ನೀರಿನ ಬಾಟಲಿ ಕೈಯಲ್ಲಿ ಹಿಡಿದು ಸೆಂಟ್ರಲ್‌ನಲ್ಲಿ ಇಳಿದ ಯಾರೇ ಆಗಲಿ ಈ ಶಾಸ್ತ್ರಕ್ಕೆ ಅರ್ಹರು.

ಪೂರ್ವಪಕ್ಷ ಮತ್ತು ಅದರ ಖಂಡನೆ

"ಜಲನಗರ ನೋಡಬೇಕಾದರೆ ಚೀನಾಕ್ಕೆ ಹೋಗಿ; ಚೆನ್ನೈಯಲ್ಲಿ ಏನಿದೆ ಮಣ್ಣು" ಎಂಬುದು ಎದುರು ಪಕ್ಷದವರ ವಾದ. ಅವರ ಪುರಾವೆ ಗಟ್ಟಿಯಾಗಿಯೇ ಇದೆ. ಯಾಂಗ್‌ತ್ಸೆ ನದಿಯ ದಕ್ಷಿಣಕ್ಕೆ, ಶಾಂಘೈ ಆಸುಪಾಸಿನಲ್ಲಿ ಝೌಜುವಾಂಗ್, ತೊಂಗ್ಲಿ, ವೂಝೆನ್, ಝುಜಿಯಾಜಿಯಾವ್ ಮುಂತಾದ ಊರುಗಳಿವೆ. ಅಲ್ಲಿ ಬೀದಿ ಇರಬೇಕಾದ ಜಾಗದಲ್ಲಿ ಕಾಲುವೆ. ಹಿತ್ತಲ ಮೆಟ್ಟಿಲು ನೇರ ನೀರಿಗೆ. ಝುಜಿಯಾಜಿಯಾವ್‌ನಲ್ಲಿ 1571ರ ಐದು ಕಮಾನಿನ ಕಲ್ಲುಸೇತುವೆಯ ಹತ್ತಿರ ಮೀನು ಕೊಂಡು ಪುಣ್ಯಕ್ಕೆಂದು ನೀರಿಗೆ ಬಿಡುತ್ತಾರೆ. ಝೌಜುವಾಂಗ್‌ನ ಜೋಡಿ ಸೇತುವೆಯನ್ನು ಚೆನ್ ಯಿಫೇ ಎಂಬ ಕಲಾವಿದ ಚಿತ್ರಿಸಿದ. ಆ ಚಿತ್ರವನ್ನು ಅಮೆರಿಕದ ಎಣ್ಣೆ ಕುಬೇರ ಆರ್ಮಂಡ್ ಹ್ಯಾಮರ್ ಕೊಂಡು 1980ರ ದಶಕದಲ್ಲಿ ಡೆಂಗ್ ಶಿಯಾವೊಪಿಂಗ್‌ಗೆ ಉಡುಗೊರೆಯಾಗಿ ಕೊಟ್ಟ. ಊರು ಹೆಸರಾಯಿತು, ಊರಬಾಗಿಲಲ್ಲಿ ಟಿಕೆಟ್ ಹುಟ್ಟಿಕೊಂಡಿತು.

ಇದಕ್ಕೆ ನಮ್ಮ ಉತ್ತರ ಒಂದೇ ಸೂತ್ರದಲ್ಲಿದೆ: ನೀರು ಕಾಣಿಸುವ ಊರೆಲ್ಲ ಜಲನಗರವಲ್ಲ, ನೀರು ಹೇಳಿದ ಹೊತ್ತಿಗೆ ಜನ ಏಳುವ, ಮಲಗುವ, ಮದುವೆ ಇಟ್ಟುಕೊಳ್ಳುವ ಊರೇ ಜಲನಗರ.

ವೃತ್ತಿ: ಝೌಜುವಾಂಗ್‌ಗೆ ಹೋದ ಪ್ರವಾಸಿ "ಇವತ್ತು ನೀರು ಬಂತಾ?" ಎಂದು ಯಾರನ್ನೂ ಕೇಳುವುದಿಲ್ಲ. ನೀರು ಅಲ್ಲೇ ಇದೆ, ಫೋಟೋಗೆ ನಿಂತಿದೆ. ಚೆನ್ನೈಯಲ್ಲಾದರೋ ಬಾಡಿಗೆಗೆ ಮನೆ ಹುಡುಕುವವನು ಹಾಲ್ ಎಷ್ಟು ದೊಡ್ಡದು ಎಂದು ಕೇಳುವ ಮುಂಚೆ ಕೇಳುವ ಪ್ರಶ್ನೆ ಅದೇ.

ಇಷ್ಟಕ್ಕೂ ಒಪ್ಪದವರಿಗೆ ಒಂದು ಪ್ರಮಾಣವುಂಟು. ವೂಝೆನ್ ಇರುವ ಝೆಜಿಯಾಂಗ್ ಪ್ರಾಂತ್ಯದಲ್ಲಿ 2002ರಿಂದ 2007ರವರೆಗೆ ಪಕ್ಷದ ಮುಖ್ಯಸ್ಥರಾಗಿದ್ದ ಷಿ ಜಿನ್‌ಪಿಂಗ್, ಚೀನಾದ ಅಧ್ಯಕ್ಷರಾದ ಮೇಲೆ 2019ರ ಅಕ್ಟೋಬರ್ 11ರಂದು ಚೆನ್ನೈಗೆ ಬಂದಿಳಿದು ಮಾಮಲ್ಲಪುರದ ಕಡಲ ದಂಡೆಯ ಗುಡಿಯ ಮುಂದೆ ಕೂತರು. ಜಲನಗರಗಳ ಸೀಮೆಯನ್ನೇ ಆಳಿ ಬಂದವರು ನೀರಿನ ದಂಡೆ ಹುಡುಕಿಕೊಂಡು ಇಲ್ಲಿಗೆ ಬಂದರೆಂದ ಮೇಲೆ ಪೂರ್ವಪಕ್ಷ ಬಿದ್ದುಹೋಯಿತು. ಅವರು ಬಂದ ಕಾರಣ ಬೇರೆ ಎನ್ನುವವರು ರಾಜತಂತ್ರಜ್ಞರು. ಅವರಿಗೆ ಶಾಸ್ತ್ರದಲ್ಲಿ ಅಧಿಕಾರವಿಲ್ಲ.

ಮೊದಲನೆಯ ಅಧ್ಯಾಯ: ನೀರಿನ ಬಗೆಗಳು

ಯಾತ್ರಿಕನನ್ನು ವಿಂಗಡಿಸುವ ಮೊದಲು ಅವನು ನೋಡುವ ವಸ್ತುವನ್ನು ವಿಂಗಡಿಸಬೇಕು. ಚೆನ್ನೈಯ ನೀರು ಐದು ಬಗೆ.

ಹರಿಯಬೇಕಾದ ನೀರು: ಉತ್ತರದಲ್ಲಿ ಕೊಸಸ್ತಲೆಯಾರ್, ನಡುವೆ ಕೂವಂ, ದಕ್ಷಿಣದಲ್ಲಿ ಅಡಯಾರ್. ಮೂರೂ ಪೂರ್ವಕ್ಕೆ ಮುಖ ಮಾಡಿದವು. ಇವುಗಳನ್ನು ಅಡ್ಡಕ್ಕೆ ಹೊಲಿದದ್ದು ಬಕಿಂಗ್‌ಹ್ಯಾಮ್ ಕಾಲುವೆ. 1806ರಲ್ಲಿ ಬೇಸಿಲ್ ಕಾಕ್ರೇನ್ ಎಂಬ ವ್ಯಾಪಾರಿ ಮದರಾಸಿನಿಂದ ಎಣ್ಣೂರಿಗೆ ತೋಡಿಸಿದ ನಾಲೆ ಮುಂದೆ ಪುಲಿಕಾಟ್ ಸರೋವರಕ್ಕೆ, ಆಂಧ್ರಕ್ಕೆ, ದಕ್ಷಿಣದಲ್ಲಿ ಮರಕ್ಕಾಣಂಗೆ ಬೆಳೆಯಿತು. ಊರೊಳಗೆ ಕೂವಂ ಮತ್ತು ಅಡಯಾರನ್ನು ಕೂಡಿಸುವ ತುಂಡು ತೋಡಿದ್ದು 1877–78ರಲ್ಲಿ. ಅದು ನಮ್ಮ ಕಡೆಯ ಅಜ್ಜಿಯರು ಧಾತು ಈಶ್ವರ ಎಂದು ನಡುಗುತ್ತ ನೆನೆಯುತ್ತಿದ್ದ ಬರಗಾಲ. ಮೈಸೂರು, ಬಳ್ಳಾರಿ ಸೀಮೆಯಲ್ಲಿ ಜನ ಹಸಿದು ಸಾಯುತ್ತಿದ್ದಾಗ ಮದರಾಸಿನಲ್ಲಿ ಹಸಿದವರ ಕೈಗೆ ಗುದ್ದಲಿ ಕೊಟ್ಟು ಕೂಲಿಗೆ ತೋಡಿಸಿದರು. ತೋಡಿದವರ ಹೆಸರು ಉಳಿಯಲಿಲ್ಲ. ಕಾಲುವೆಗೆ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್‌ನ ಹೆಸರು ಬಂತು. ನೀರಿಲ್ಲದ ವರ್ಷದಲ್ಲಿ ಹುಟ್ಟಿದ ನೀರುದಾರಿ ಎಂಬ ಕಾರಣಕ್ಕೆ ಈ ಶಾಸ್ತ್ರದಲ್ಲಿ ಅದಕ್ಕೆ ಅಗ್ರಪೂಜೆ.

ನಿಂತ ನೀರು: ಮೈಲಾಪುರದ ಕಪಾಲೀಶ್ವರನ ಕಲ್ಯಾಣಿ, ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿಯ ಕಲ್ಯಾಣಿ, ಪಳ್ಳಿಕರಣೆಯ ಜೌಗು. ಮೊದಲೆರಡಕ್ಕೆ ಭಕ್ತರ ಕಾವಲು. ಮೂರನೆಯದಕ್ಕೆ 2022ರಿಂದ ಜಾಗತಿಕ ಮಹತ್ವದ ಜೌಗು ಎಂಬ ರಾಮ್ಸರ್ ಪಟ್ಟ.

ಬರುವ ನೀರು: ಇದು ಕನ್ನಡಿಗನ ಕಿವಿ ನಿಮಿರುವ ಬಗೆ. 1976ರ ಒಪ್ಪಂದದ ಪ್ರಕಾರ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ ಮೂರೂ ತಲಾ 5 ಟಿಎಂಸಿ ಕೃಷ್ಣಾ ನೀರನ್ನು ಮದರಾಸಿನ ಕುಡಿಯುವ ನೀರಿಗೆಂದು ಬಿಟ್ಟುಕೊಟ್ಟವು. 1996ರಲ್ಲಿ ತೆಲುಗು ಗಂಗೆಯಾಗಿ ಅದು ಪೂಂಡಿ ಜಲಾಶಯ ಮುಟ್ಟಿತು. 2004ರಿಂದ ವೀರಾಣಂ ಕೆರೆಯಿಂದ ಇನ್ನೂರು ಕಿಲೋಮೀಟರಿಗೂ ಉದ್ದದ ಪೈಪಿನಲ್ಲಿ ಬರುವುದು ಕಾವೇರಿ. ಎಂದರೆ ಬೆಂಗಳೂರಿನಲ್ಲಿ ಕಾವೇರಿ ಕುಡಿದು ರೈಲು ಹತ್ತಿದವನು ಚೆನ್ನೈಯಲ್ಲಿ ಇಳಿದು ಕುಡಿಯುವುದೂ ಅದೇ ಕಾವೇರಿಯನ್ನೇ ಇರಬಹುದು. ರೈಲಿನವನು ಆರು ಗಂಟೆಯಲ್ಲಿ ತಲುಪಿದ. ಕಾವೇರಿ ಸುತ್ತು ಹಾಕಿಕೊಂಡು, ಎರಡು ರಾಜ್ಯಗಳ ವಕೀಲರನ್ನು ಸಾಕಿ ಬಂದಳು.

ಬೀಳುವ ನೀರು: ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು. ನಮ್ಮ ಮುಂಗಾರಿಗೆ ಒಗ್ಗಿದವರಿಗೆ ಇದರ ಪಂಚಾಂಗವೇ ತಲೆಕೆಳಗು. 2003ರಿಂದ ಎಲ್ಲ ಕಟ್ಟಡಗಳಲ್ಲೂ ಮಳೆಕೊಯ್ಲು ಕಡ್ಡಾಯ.

ಕೊಳ್ಳುವ ನೀರು: ಲಾರಿ ನೀರು, ಕ್ಯಾನ್ ನೀರು, ಮತ್ತು ಮೀಂಜೂರು, ನೆಮ್ಮೇಲಿಗಳಲ್ಲಿ ಸಮುದ್ರದಿಂದ ಉಪ್ಪು ತೆಗೆದು ಮಾಡಿದ ನೀರು.

ಈ ಐದೂ ಬೇರೆ ಬೇರೆ ಎಂದು ತಿಳಿಯಬಾರದು. ಡಿಸೆಂಬರ್‌ನಲ್ಲಿ ಬಿದ್ದದ್ದು ಸಮುದ್ರಕ್ಕೆ ಹೋಗಿ, ಜೂನ್‌ನಲ್ಲಿ ಉಪ್ಪು ಕಳೆದುಕೊಂಡು ಪೈಪಿನಲ್ಲಿ ವಾಪಸು ಬರುತ್ತದೆ. ಒಂದೇ ನೀರಿಗೆ ತಿಂಗಳಿಗೊಂದು ಜಾತಕ.

ಎರಡನೆಯ ಅಧ್ಯಾಯ: ಯಾತ್ರಿಕರ ಬಗೆಗಳು

ನೀರಿನೊಡನೆ ಎಷ್ಟು ಒಡನಾಟ ಎಂಬುದರ ಮೇಲೆ ಯಾತ್ರಿಕನ ದರ್ಜೆ ಏರುತ್ತದೆ. ನೋಡುವವನು ದರ್ಶಕ, ಮುಟ್ಟುವವನು ಸ್ಪರ್ಶಕ, ಕಾಯುವವನು ಪ್ರತೀಕ್ಷಕ, ಹೊರುವವನು ವಾಹಕ. ನೀರೇ ಯಾರನ್ನು ಹೊತ್ತೊಯ್ಯುವುದೋ ಅವನು ವಾಹಿತ.

ದರ್ಶಕ. ಇವನಲ್ಲಿ ನಾಲ್ಕು ಒಳಬಗೆ. ಸೇತುವೆ ದರ್ಶಕನು ಮರೀನಾ ಕಡೆ ಹೋಗುತ್ತ ನೇಪಿಯರ್ ಸೇತುವೆಯ ಮೇಲೆ ಕೂವಂ ಕಡಲು ಸೇರುವುದನ್ನು ನೋಡುತ್ತಾನೆ. ನೋಡುತ್ತಾನೆ ಎಂಬುದು ಪೂರ್ತಿ ಸರಿಯಲ್ಲ. ಸೇತುವೆ ಆರಂಭವಾಗುವಲ್ಲಿ ಉಸಿರು ಹಿಡಿದು ಮುಗಿಯುವಲ್ಲಿ ಬಿಡುತ್ತಾನೆ. 2022ರ ಚೆಸ್ ಒಲಿಂಪಿಯಾಡ್‌ಗೆಂದು ಆ ಸೇತುವೆಗೆ ಕಪ್ಪುಬಿಳುಪು ಚದುರಂಗದ ಮನೆ ಬಳಿದ ಮೇಲೆ, ಕೆಳಗಿನ ನದಿಯನ್ನು ನೋಡದಿರಲು ಒಂದು ಸಭ್ಯ ನೆಪವೂ ಸಿಕ್ಕಿತು.

ವಿಮಾನ ದರ್ಶಕನು ನದಿಯ ಮೇಲೆಯೇ ಓಡುತ್ತಾನೆ, ಆದರೆ ಅವನಿಗೆ ಅದು ಗೊತ್ತಿರುವುದಿಲ್ಲ: ಚೆನ್ನೈ ವಿಮಾನ ನಿಲ್ದಾಣದ ಎರಡನೆಯ ರನ್‌ವೇ ಅಡಯಾರ್ ನದಿಯನ್ನು ಸೇತುವೆಯ ಮೇಲೆ ದಾಟುತ್ತದೆ.

ರೈಲು ದರ್ಶಕನೇ ಈ ವರ್ಗದಲ್ಲಿ ಉತ್ತಮ. ಬೀಚ್ ನಿಲ್ದಾಣದಿಂದ ವೇಲಚೇರಿಗೆ ಹೋಗುವ ಎಂಆರ್‌ಟಿಎಸ್ ರೈಲು ಬಹುದೂರ ಬಕಿಂಗ್‌ಹ್ಯಾಮ್ ಕಾಲುವೆಯ ಮೇಲೆಯೇ ಸಾಗುತ್ತದೆ; 1990ರ ದಶಕದಲ್ಲಿ ಅದಕ್ಕೆ ಕಾಲುವೆಯಲ್ಲೇ ಕಂಬ ನೆಟ್ಟರು. ತಿರುಮಯಿಲೈ ನಿಲ್ದಾಣದಲ್ಲಿ ಇಳಿದು ಕೆಳಗೆ ಬಗ್ಗಿ ನೋಡಿ. ಕಂಬದ ಬುಡದಲ್ಲಿ ಆಳೆತ್ತರಕ್ಕೊಂದು ಕಪ್ಪು ಗೀಟು: ಕಳೆದ ಮಳೆ ಎಲ್ಲಿಯವರೆಗೆ ಏರಿತ್ತೆಂಬ ಲೆಕ್ಕ. ಅದರ ಕೆಳಗೆ ಅಂತರಗಂಗೆಯ ಹಸಿರು ಚಾಪೆ, ಅದಕ್ಕೆ ಸಿಕ್ಕಿಕೊಂಡ ಒಂಟಿ ಚಪ್ಪಲಿ, ಹಾಲಿನ ಕವರು, ಯಾರದೋ ಪೂಜೆಯ ಒಣ ಮಾಲೆ. ಒಂದು ಬೆಳ್ಳಕ್ಕಿ ಆ ಚಾಪೆಯ ಮೇಲೆ ಕಾಲಿಡಲೋ ಬೇಡವೋ ಎಂದು ಲೆಕ್ಕ ಹಾಕುತ್ತಿರುತ್ತದೆ. ಇದೇ ನೀರಿನ ಮೇಲೆ ಸೌದೆ, ಉಪ್ಪು, ಭತ್ತ ಹೊತ್ತ ದೋಣಿಗಳು ಬರುತ್ತಿದ್ದವೆಂದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವರು ನಿಮ್ಮನ್ನು ನೋಡಿ ನಗುತ್ತಾರೆ. 1960, 70ರ ದಶಕಗಳ ಚಂಡಮಾರುತಗಳು ಕಾಲುವೆಯನ್ನು ಕೆಡಿಸಿದವು. ಉಳಿದದ್ದನ್ನು ಚರಂಡಿಗಳು ತುಂಬಿದವು.

ಕಲ್ಯಾಣಿ ದರ್ಶಕನು ತೈಪೂಸದ ಹುಣ್ಣಿಮೆಯ ಹೊತ್ತಿಗೆ ಮೈಲಾಪುರಕ್ಕೆ ಹೋಗುತ್ತಾನೆ. ಖಾಲಿ ಡ್ರಮ್ಮುಗಳ ಮೇಲೆ ಕಟ್ಟಿದ ತೆಪ್ಪದಲ್ಲಿ ದೀಪಗಳ ನಡುವೆ ಕಪಾಲೀಶ್ವರ ಮೂರು ರಾತ್ರಿ ಕಲ್ಯಾಣಿ ಸುತ್ತುತ್ತಾನೆ. ಚೀನಾದ ದೋಣಿಯಲ್ಲಿ ಕೂರುವವನು ಪ್ರವಾಸಿ, ನೋಡುವುದು ಊರನ್ನು. ಇಲ್ಲಿ ದೋಣಿಯಲ್ಲಿ ಕೂರುವವನು ದೇವರು, ಊರೇ ಮೆಟ್ಟಿಲ ಮೇಲೆ ನಿಂತು ಅವನನ್ನು ನೋಡುತ್ತದೆ. ಟಿಕೆಟ್ ಇಲ್ಲ.

ಸ್ಪರ್ಶಕ. ಇವನ ಕ್ಷೇತ್ರ ಮರೀನಾ. ಮೂರು ಒಳಬಗೆ: ಪಾದಮಾತ್ರ, ಮೊಣಕಾಲುಮಾತ್ರ, ಸರ್ವಾಂಗ. ಪಾದಮಾತ್ರನು ಚಪ್ಪಲಿಯನ್ನು ಕೈಯಲ್ಲಿ ಹಿಡಿದಿರುತ್ತಾನೆ. ಮೊಣಕಾಲುಮಾತ್ರನು ಪ್ಯಾಂಟು ಮಡಿಚಿ, ಅಲೆಗೆ ಬೆನ್ನು ತಿರುಗಿಸಿ ಫೋಟೋ ತೆಗೆಸಿಕೊಳ್ಳುತ್ತಾನೆ. ಮುಂದಿನ ಅಲೆ ಅವನಿಗೆ ಮೂರನೆಯ ಬಗೆಗೆ ಬಡ್ತಿ ಕೊಡುತ್ತದೆ. ದಡದಿಂದ ಅವನ ಮನೆಯವರು "ಸಾಕು, ಬಾರೋ" ಎಂದು ಕೂಗುವುದು ಎಲ್ಲ ಭಾಷೆಗಳಲ್ಲೂ ಕೇಳುತ್ತದೆ. ಸೆಳೆತ ಜೋರಿರುವುದರಿಂದ ಇಲ್ಲಿ ಈಜುವುದಕ್ಕೆ ಪೊಲೀಸರ ನಿಷೇಧವಿದೆ. ಆದ್ದರಿಂದ ಈಜುವವನಿಗೆ ಈ ಶಾಸ್ತ್ರದಲ್ಲಿ ಸ್ಥಾನವಿಲ್ಲ, ಠಾಣೆಯಲ್ಲಿ ಇರಬಹುದು. ಸ್ಪರ್ಶಕರೆಲ್ಲರ ಅಂತಿಮ ಗತಿ ತೇಂಗಾಯಿ–ಮಾಂಗಾಯಿ ಸುಂಡಲ್. ನೀರಿನ ಮೇಲೆಯೇ ಕೂರಬೇಕೆಂಬ ಸ್ಪರ್ಶಕನು ಮಾಮಲ್ಲಪುರದ ದಾರಿಯಲ್ಲಿ ಮುಟ್ಟುಕಾಡಿನ ಬೋಟ್‌ಹೌಸ್‌ಗೆ ಹೋಗಿ ಹಿನ್ನೀರಿನಲ್ಲಿ ಲೈಫ್ ಜಾಕೆಟ್ ಕಟ್ಟಿಕೊಂಡು ಸುತ್ತಿ ಬರಬಹುದು.

ಪ್ರತೀಕ್ಷಕ. ನೆಂಟರ ಮನೆಯಲ್ಲಿ ಇಳಿದುಕೊಳ್ಳುವವರೆಲ್ಲ ಈ ವರ್ಗ. ಲಾಡ್ಜಿನಲ್ಲಿ ಇಳಿದವನು ದರ್ಶಕನಾಗಿಯೇ ಸಾಯುತ್ತಾನೆ. ಪಶ್ಚಿಮ ಮಾಂಬಲದ ಚಿಕ್ಕಮ್ಮನ ಮನೆಗೆ ಹೋದವನು ಮೊದಲ ರಾತ್ರಿಯೇ ಬಡ್ತಿ ಪಡೆಯುತ್ತಾನೆ. ಅವನ ದೀಕ್ಷಾವಿಧಿ ಸಾಮಾನ್ಯವಾಗಿ ಹೀಗಿರುತ್ತದೆ:

"ಏನೋ ಮರಿ, ಬೆಳಿಗ್ಗೆ ಐದೂವರೆಗೆ ಏಳ್ತೀಯಾ?"

"ಯಾಕ್ ಚಿಕ್ಕಮ್ಮ, ಮೈಲಾಪುರಕ್ಕೆ ಹತ್ತಕ್ಕೆ ಹೋದ್ರೂ ಆಗತ್ತಲ್ಲ?"

"ಮೈಲಾಪುರ ಎಲ್ಲೂ ಓಡಿಹೋಗಲ್ಲ. ಮೆಟ್ರೋ ವಾಟರ್ ಓಡಿಹೋಗತ್ತೆ. ಆರೂವರೆ ಒಳಗೆ ಸ್ನಾನ ಮುಗಿಸು. ಬಾತ್‌ರೂಮಿನ ನಲ್ಲೀಲಿ ಬೋರ್ ನೀರು, ಬಾಯಿಗೆ ಹಾಕ್ಕೋಬೇಡ. ಕುಡಿಯೋಕೆ ಕ್ಯಾನು. ಅಡುಗೆಗೆ ಆ ಹಿತ್ತಾಳೆ ಕೊಡದಲ್ಲಿರೋದು."

ಆರು ವಾಕ್ಯಗಳಲ್ಲಿ ನಾಲ್ಕು ನೀರು. ಮೊದಲನೆಯ ಅಧ್ಯಾಯದಲ್ಲಿ ಶಾಸ್ತ್ರಕಾರನು ಪಟ್ಟ ಕಷ್ಟವನ್ನು ಚಿಕ್ಕಮ್ಮ ಹಾಸಿಗೆ ಹಾಸುತ್ತಲೇ ಮುಗಿಸಿರುತ್ತಾಳೆ. ಬೆಳಿಗ್ಗೆ ಅಂಗಳದಲ್ಲಿ ಕೈಪಂಪಿನ ಕಿರ್ರೆಂಬ ಸದ್ದಿಗೆ ಪ್ರತೀಕ್ಷಕ ಏಳುತ್ತಾನೆ. ಮೆಟ್ರೋ ವಾಟರ್ ಎಂದರೆ ಜಲಮಂಡಳಿಯ ನೀರು; ಪೈಪಿನಲ್ಲಿ ಬಂದ ಅದಕ್ಕೆ ಮೇಲೇರುವ ಒತ್ತಡವಿಲ್ಲದ್ದರಿಂದ ಹಳೆಯ ಮನೆಗಳ ಮುಂದೆ ಈ ಪಂಪು: ಮೊದಲು ಹತ್ತಾರು ಬಾರಿ ಬರಿ ಗಾಳಿ, ಆಮೇಲೆ ಒಂದು ಕೆಮ್ಮು, ಆಮೇಲೆ ಬೆರಳುಗಾತ್ರದ ಧಾರೆ. ಆ ಕೆಮ್ಮು ಬಂದ ಕ್ಷಣದಲ್ಲಿ ಮನೆಯವರ ಮುಖದಲ್ಲಿ ಕಾಣುವ ಕಳೆಯನ್ನು ಯಾವ ಜೋಡಿ ಸೇತುವೆಯ ಮೇಲೂ ಯಾವ ಪ್ರವಾಸಿಯೂ ಕಂಡಿಲ್ಲ.

ವಾಹಕ. ಪ್ರತೀಕ್ಷಕನು ಸುಮ್ಮನೆ ನಿಂತಿದ್ದಾನೆಂದು ಕಂಡರೆ ಯಾರಾದರೂ ಅವನ ಕೈಗೆ ಕೊಡ ಕೊಡುತ್ತಾರೆ. ಅಲ್ಲಿಗೆ ಅವನು ವಾಹಕ. ಬೇಸಿಗೆಯಲ್ಲಿ ಲಾರಿ ಬರುವ ಬೀದಿಯಲ್ಲಿ ಹಳದಿ, ಹಸಿರು, ಕೆಂಪು ಪ್ಲಾಸ್ಟಿಕ್ ಕೊಡಗಳು ಜನರಿಗಿಂತ ಮುಂಚೆ ಸಾಲು ನಿಂತಿರುತ್ತವೆ. ಹೊರಗಿನವನಿಗೆ ಅದು ಬಣ್ಣದ ಚಿತ್ರ. ಒಳಗಿನವರಿಗೆ ಪ್ರತಿ ಕೊಡವೂ ಒಂದು ಮನೆಯ ಪ್ರತಿನಿಧಿ. ಸಾಲಿನಲ್ಲಿ ಕೊಡ ಮುಂದಕ್ಕೆ ಸರಿಸಿದವನಿಗೆ ಆ ಬೀದಿಯ ತಮಿಳು ಪೂರ್ತಿ ಪರಿಚಯವಾಗುತ್ತದೆ.

ವಾಹಕರ ವಂಶಾವಳಿ ದೊಡ್ಡದು. ಬಕಿಂಗ್‌ಹ್ಯಾಮ್ ಕಾಲುವೆಯಲ್ಲಿ ಗಾಳಿ ಇಲ್ಲದ ದಿನ ದೋಣಿ ಎಳೆಯುತ್ತಿದ್ದವರು ಮನುಷ್ಯರೇ, ದಡದ ಮೇಲೆ ಹೆಗಲಿಗೆ ಹಗ್ಗ ಹಾಕಿಕೊಂಡು. ತಮಿಳಿನ ಕವಿ ಭಾರತಿದಾಸನ್ ಆ ಕಾಲುವೆಯಲ್ಲಿ ಮಾಮಲ್ಲಪುರಕ್ಕೆ ದೋಣಿಯಲ್ಲಿ ಹೋದದ್ದನ್ನು ಪದ್ಯವಾಗಿ ಬರೆದಾಗ ಅವರ ಕಣ್ಣು ಹೋದದ್ದು ಹಗ್ಗ ಎಳೆಯುವವರ ಮೇಲೆ. ಇಂದಿನ ವಾಹಕ ಮೊಪೆಡ್‌ನವನು: ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಹಿಂದೆ, ಪಕ್ಕದಲ್ಲಿ, ಕಾಲ ಸಂದಿಯಲ್ಲಿ ಇಟ್ಟುಕೊಂಡು ಮೂರನೆಯ ಮಹಡಿಗೆ ಒಂದು ಹೆಗಲ ಮೇಲೆ ಹತ್ತಿಸುತ್ತಾನೆ. ಆದರೆ ವಾಹಕರಲ್ಲಿ ಚಕ್ರವರ್ತಿ ಎಂದರೆ 2019ರ ರೈಲು. ಆ ಬೇಸಿಗೆ ಊರಿಗೆ ನೀರು ಕೊಡುವ ಜಲಾಶಯಗಳು ಬತ್ತಿಹೋದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳಲ್ಲಿ 25 ಲಕ್ಷ ಲೀಟರ್ ನೀರು ಹೊತ್ತ ಮೊದಲ ರೈಲು ವಿಲ್ಲಿವಾಕ್ಕಂಗೆ ಬಂತು. ಅದೂ ಕಾವೇರಿಯ ನೀರೇ. ಬೆಂಗಳೂರಿನಿಂದ ಹೊರಟ ಯಾತ್ರಿಕನ ರೈಲು ಹಾದುಹೋಗುವುದೂ ಅದೇ ಜೋಲಾರ್‌ಪೇಟೆಯನ್ನೇ. ಕಿಟಕಿ ಪಕ್ಕದಲ್ಲಿ ವಡೆ ತಿನ್ನುತ್ತಿದ್ದವನಿಗೆ ಪಕ್ಕದ ಹಳಿಯ ಮೇಲೆ ತನ್ನೂರ ನದಿಯೂ ಪ್ರಯಾಣಿಕಳಾಗಿ ನಿಂತಿರಬಹುದೆಂದು ತೋಚಿರಲಿಕ್ಕಿಲ್ಲ.

ವಾಹಿತ. ಇದು ಪರಮಪದ, ಬಯಸಿ ಪಡೆಯುವಂಥದ್ದಲ್ಲ. 2015ರ ಡಿಸೆಂಬರ್ 1ರ ಮಳೆಗೆ ತಾಂಬರಂನಲ್ಲಿ ಒಂದೇ ದಿನ 49 ಸೆಂಟಿಮೀಟರ್ ಬಿತ್ತು. ಚೆಂಬರಂಬಾಕ್ಕಂ ಜಲಾಶಯದಿಂದ ಬಿಟ್ಟ ನೀರು 29,000 ಕ್ಯೂಸೆಕ್ ಮುಟ್ಟಿ ಅಡಯಾರ್ ತನ್ನ ಹಳೆಯ ಜಾಗಗಳನ್ನೆಲ್ಲ ಕೇಳಿಕೊಂಡು ಬಂತು. ಸೇತುವೆಯ ಮೇಲೆ ಓಡುವ ರನ್‌ವೇ ಕೆಳಗಿನ ನದಿಗೆ ಸೋತಿತು. ವಿಮಾನ ನಿಲ್ದಾಣವೇ ಕೆಲವು ದಿನ ಮುಚ್ಚಿತು. ಬಕಿಂಗ್‌ಹ್ಯಾಮ್ ಕಾಲುವೆಯ ಊರೊಳಗಿನ ತುಂಡು ಮುಗಿದ ವರ್ಷವೇ, ಅಂದರೆ 1878ರಲ್ಲಿ ಹುಟ್ಟಿದ ದಿ ಹಿಂದೂ ಪತ್ರಿಕೆ ಮಳೆಯಿಂದಾಗಿ ಅಚ್ಚಾಗದೆ ಉಳಿದದ್ದು ಆಗಲೇ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಕಾರಪಾಕ್ಕಂನಲ್ಲಿ ಸಿಕ್ಕಿಕೊಂಡಿದ್ದ ನಟ ಆಮಿರ್ ಖಾನ್‌ರನ್ನು ದೋಣಿಯಲ್ಲಿ ಕರೆತಂದರು. ಮೀನುಗಾರರ ದೋಣಿಗಳು ಬೀದಿಗಳಲ್ಲಿ ತೇಲಿ ಮೊದಲ ಮಹಡಿಯ ಬಾಲ್ಕನಿಗೆ ಹತ್ತಿದ ಆ ದಿನಗಳಲ್ಲಿ ಝೌಜುವಾಂಗ್‌ಗೂ ವೇಲಚೇರಿಗೂ ಭೇದವೇನೆಂದು ಕೇಳಿದರೆ ಹೇಳುವುದು ಇಷ್ಟೇ: ಅಲ್ಲಿ ದೋಣಿ ಹತ್ತುವವನು ದುಡ್ಡು ಕೊಟ್ಟು ನಗುತ್ತಾನೆ, ಇಲ್ಲಿ ಹತ್ತುವವನು ಮಗುವನ್ನು ಮೊದಲು ಕೊಟ್ಟು ಆಮೇಲೆ ತಾನು ಇಳಿಯುತ್ತಾನೆ. ಶಾಸ್ತ್ರಕಾರನು ಈ ವರ್ಗವನ್ನು ಮತ್ತಷ್ಟು ಸೀಳುವ ಧೈರ್ಯ ಮಾಡುವುದಿಲ್ಲ.

ಮೂರನೆಯ ಅಧ್ಯಾಯ: ಸಂಕೀರ್ಣ ಬಗೆ

ಯಾವ ದರ್ಜೆಗೂ ಪೂರ್ತಿ ಒಗ್ಗದ ಒಬ್ಬನಿದ್ದಾನೆ: ಹಕ್ಕುದಾರ. ಈತ ಶುದ್ಧ ಕನ್ನಡಿಗ. ಉಡುಪಿ ಸೀಮೆಯ ಕಡಂದಲೆಯ ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಪರಂಪರೆಯ ಯಾವುದೋ ಹೋಟೆಲಿನಲ್ಲಿ ಕೂತು, ಸ್ಟೀಲ್ ಲೋಟದ ನೀರನ್ನು ಎತ್ತಿ ಹಿಡಿದು, "ಇದು ನಮ್ಮದು ಕಣಯ್ಯ" ಎಂದು ಎದುರಿಗಿರುವ ತಮಿಳು ಗೆಳೆಯನಿಗೆ ಹೇಳುತ್ತಾನೆ. ಕೃಷ್ಣೆಯ 5 ಟಿಎಂಸಿ ಲೆಕ್ಕ ಅವನ ನಾಲಿಗೆಯ ತುದಿಯಲ್ಲಿ. ಗೆಳೆಯ ಹಿಂಗಾರಿನ ಮಳೆ ಲೆಕ್ಕ ತೆಗೆಯುತ್ತಾನೆ. ಮಾಣಿ ಬಂದು "ಸಾರ್, ಇದು ಕ್ಯಾನ್ ವಾಟರ್" ಎಂದು ಇಬ್ಬರ ದಾವೆಯನ್ನೂ ವಜಾ ಮಾಡುತ್ತಾನೆ.

ಆಕ್ಷೇಪ: ಈ ಊರಲ್ಲೇ ಹುಟ್ಟಿ ಬೆಳೆದವರನ್ನು ಯಾವ ವರ್ಗಕ್ಕೂ ಸೇರಿಸಲಿಲ್ಲವಲ್ಲ? ಸಮಾಧಾನ: ಅವರು ಯಾತ್ರಿಕರಲ್ಲ. ಜೂನ್‌ನಲ್ಲಿ ಪ್ರತೀಕ್ಷಕ ಮತ್ತು ವಾಹಕ, ಡಿಸೆಂಬರ್‌ನಲ್ಲಿ ವಾಹಿತ, ತೈ ಮಾಸದಲ್ಲಿ ದರ್ಶಕ, ಭಾನುವಾರ ಸಂಜೆ ಸ್ಪರ್ಶಕ: ಐದೂ ಅವರೇ. ವರ್ಗೀಕರಣ ಬೇಕಾಗುವುದು ವಾಪಸು ಟಿಕೆಟ್ ಇರುವವನಿಗೆ ಮಾತ್ರ.

ಫಲಶ್ರುತಿ

ಇದನ್ನು ಓದಿದ ದರ್ಶಕನಿಗೆ ಕಾಲುವೆಯ ಕಡೆ ಬಗ್ಗಿ ನೋಡುವ ಧೈರ್ಯ ಬರುತ್ತದೆ. ಸ್ಪರ್ಶಕನಿಗೆ ಒಣ ಪ್ಯಾಂಟು ಸಿಗುತ್ತದೆ. ಪ್ರತೀಕ್ಷಕನು ಐದೂವರೆಗೆ ಏಳುತ್ತಾನೆ. ವಾಹಕನಿಗೆ ಲಿಫ್ಟ್ ಇರುವ ಮನೆ ದೊರೆಯುತ್ತದೆ. ವಾಹಿತನಿಗೆ ಮೊದಲ ದೋಣಿಯಲ್ಲೇ ಜಾಗ ಉಂಟಾಗುತ್ತದೆ.

ಬೆಂಗಳೂರಿನ ಓದುಗರಿಗೆ ವಿಶೇಷ ರಿಯಾಯಿತಿಯಿದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಂದ ಟ್ರಾಕ್ಟರಿನಲ್ಲಿ ಆಫೀಸಿಗೆ ಹೋದವರು, 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಫೋನ್ ಮಾಡಿ ಕೂತವರು, ಈ ಗ್ರಂಥದ ಕೊನೆಯ ಮೂರು ದರ್ಜೆಗಳನ್ನು ಮನೆಯಲ್ಲೇ ಪಾಸು ಮಾಡಿದ್ದಾರೆ. ಅವರಿಗೆ ಬಾಕಿ ಉಳಿದಿರುವುದು ಮೊದಲೆರಡು ಸುಲಭ ದರ್ಜೆ ಮಾತ್ರ. ಅದಕ್ಕೆ ಚೀನಾದ ವೀಸಾ ಬೇಡ. ಬೆಳಗಿನ ರೈಲಿಗೆ ಟಿಕೆಟ್ ಮಾಡಿಸಿ, ಚಿಕ್ಕಮ್ಮನಿಗೆ ಮುಂಚೆಯೇ ಫೋನ್ ಮಾಡಿ ನೀರು ಬರುವ ಹೊತ್ತು ಕೇಳಿಕೊಂಡರೆ ಸಾಕು.